ಒಂದೂಕಾಲು ಆಂಪಿಯರ್

ನನ್ನ ತಮ್ಮ ರಾಘವನಿಗೆ ಯಾರ ಮನಸ್ಸನ್ನೂ ನೋಯಿಸಲು ಬರುವುದಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಹಾಲಿನವನು ನೀರು ಬೆರೆಸಿ ತಂದರೆ 'ಪಾಪ, ಹಸುವಿಗೆ ಏನೋ ಆಗಿರಬೇಕು' ಎನ್ನುವ ಪೈಕಿ ಅವನು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಬಾಯಿ ಜೋರಿರುವುದು ನನ್ನೊಬ್ಬಳದೇ. ಆದ್ದರಿಂದ ತರಕಾರಿಯವನ ಜೊತೆ, ಗ್ಯಾಸಿನವನ ಜೊತೆ, ಮಹಡಿಯ ಬಾಡಿಗೆಯವರ ಜೊತೆ ಆಡಬೇಕಾದ ಜಗಳಗಳೆಲ್ಲ ನನ್ನ ಪಾಲಿಗೇ ಬಂದಿವೆ. ನನ್ನ ಹೆಸರು ಆಂಡಾಳ್. ಬ್ಯಾಂಕಿನಲ್ಲಿ ಕ್ಲರ್ಕ್. ಜಗಳ ಅಲ್ಲೂ ಅಭ್ಯಾಸವಾಗಿದೆ.

ರಾಘವ ವಿದ್ಯುತ್ ಮೀಟರ್ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ವಾರವೆಲ್ಲ ಮೀಟರ್, ಭಾನುವಾರ ರಾಕೆಟ್. ದೀಪಾವಳಿಯ ರಾಕೆಟ್ ಅಲ್ಲ. ನನ್ನ ಎದೆಯೆತ್ತರದ ರಟ್ಟಿನ ಕೊಳವೆ, ಬುಡದಲ್ಲಿ ರೆಕ್ಕೆಗಳು, ಹೊಟ್ಟೆಯಲ್ಲಿ ಮಡಿಸಿಟ್ಟ ಪ್ಯಾರಾಚೂಟ್, ಅದರ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಎಲೆಕ್ಟ್ರಾನಿಕ್ ಬೋರ್ಡ್. ರಾಕೆಟ್ ಎತ್ತರದ ತುದಿ ಮುಟ್ಟಿದ್ದು ಆ ಬೋರ್ಡಿಗೆ ಗಾಳಿಯ ಒತ್ತಡದಿಂದ ತಿಳಿಯುತ್ತದೆ. ಆ ಕ್ಷಣ ಅದು ಬ್ಯಾಟರಿಯ ಕರೆಂಟನ್ನು ಕೂದಲೆಳೆಯಂಥ ಒಂದು ತಂತಿಗೆ ಬಿಡುತ್ತದೆ. ತಂತಿ ಕೆಂಪಗಾಗಿ ಚಿಟಿಕೆ ಮದ್ದು ಹೊತ್ತಿಕೊಂಡು ಪ್ಯಾರಾಚೂಟನ್ನು ಹೊರಕ್ಕೆ ತಳ್ಳುತ್ತದೆ. ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು. "ಮೇಲೆ ಹೋಗೋದು ಯಾರ ಕೈಲಾದ್ರೂ ಆಗುತ್ತಕ್ಕ, ನೆಟ್ಟಗೆ ಕೆಳಗಿಳಿಯೋದೇ ಕಷ್ಟ" ಎನ್ನುತ್ತಿದ್ದ ರಾಘವ.

ಈ ಹುಚ್ಚಿನಲ್ಲಿ ಅವನ ಪಾಲುದಾರ ಸ್ವರೂಪ್. ಎಂಜಿನಿಯರಿಂಗ್ ಕಾಲೇಜಿನಿಂದ ಇಬ್ಬರೂ ಜೊತೆ. ಸ್ವರೂಪನ ಮನೆತನ ಹೊಸಕೋಟೆ ಆಚೆಯ ಒಂದು ಹಳ್ಳಿಯದು, ಬೇಸಾಯದವರು. ಅವನು ಮಾತ್ರ ಓದು ಮುಗಿಸಿ ಮತ್ತಿಕೆರೆಯಲ್ಲಿ ಮನೆ ಕಟ್ಟಿ ಸೈಟು ವ್ಯವಹಾರಕ್ಕಿಳಿದಿದ್ದ. ದುಡ್ಡು ಸೈಟಿನಲ್ಲಿ, ಜೀವ ಬೆಸುಗೆ ಕಡ್ಡಿಯಲ್ಲಿ. ಶನಿವಾರ ಮಧ್ಯಾಹ್ನ ಇಬ್ಬರೂ ನಮ್ಮ ಮನೆಯಿಂದ ನಡೆದು ಬಳೇಪೇಟೆ ದಾಟಿ, ನಗರ್ತಪೇಟೆ ಹಿಂದಿನ ಗಲ್ಲಿಗಳಲ್ಲಿ ಬಿಡಿಭಾಗ ಹುಡುಕಿ, ಕಾಗದದ ಪೊಟ್ಟಣಗಳನ್ನು ಹಿಡಿದು ಬರುತ್ತಿದ್ದರು. ಅಷ್ಟು ವರ್ಷ ಬಳೇಪೇಟೆ ಮೇಲೇ ಓಡಾಡಿದ ಈ ಇಬ್ಬರು ಗಂಡಸರಿಗೂ ಮನೆಯ ಹೆಂಗಸಿಗೆ ಒಂದು ಡಜನ್ ಬಳೆ ತರಬೇಕೆಂದು ಒಂದು ದಿನವೂ ಹೊಳೆಯಲಿಲ್ಲ.

ಎರಡು ಸಾವಿರದ ಎರಡನೇ ಇಸವಿ. ಸ್ವರೂಪನ ಊರಿನ ಹೊಲ ಮಾರಾಟವಾಯಿತು. ಅವನ ತಂದೆ ರಾಮಾಂಜಿನಪ್ಪ ತೀರಿಕೊಂಡಿದ್ದರು. ದಾಯಾದಿಗಳೆಲ್ಲ ತಮ್ಮ ಪಾಲನ್ನು ಲೇಔಟಿನವರಿಗೆ ಕೊಡಲು ತಯಾರಾಗಿದ್ದರು. ನಡುವಿನ ಪಾಲು ಒಂದನ್ನೇ ಇಟ್ಟುಕೊಂಡು ಮಾಡುವುದೇನು ಎಂದು ಮಾತುಕತೆ ನಡೆಸಿ ಸಹಿ ಹಾಕಿಸಿದವನು ಸ್ವರೂಪನೇ. ವ್ಯವಹಾರ ಬಲ್ಲವನು, ತಪ್ಪೇನೂ ಮಾಡಲಿಲ್ಲ. ಆದರೆ ಆ ನಂತರ ಅವನು ತಾಯಿಯ ಮುಖ ನೋಡಿ ಮಾತಾಡುವುದು ಕಡಿಮೆಯಾಯಿತು.

ಒಂದು ಭಾನುವಾರ ಅವನ ತಾಯಿ ವಿಶಾಲಮ್ಮ ಮಗನ ಜೊತೆ ನಮ್ಮ ಮನೆಗೆ ಬಂದರು. ಹುಡುಗರು ತಾರಸಿಯಲ್ಲಿದ್ದರು. ಅಡಿಗೆಮನೆ ಬಾಗಿಲಲ್ಲಿ ಕೂತು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಆಕೆ ನನ್ನನ್ನು ಕೇಳಿದರು:

"ಮದ್ವೆಯಾಗಿ ಬಂದಾಗಿಂದ್ಲೂ ಆ ಹೊಲ್ದಾಗೆ ಬಗ್ಗಿಕೊಂಡೇ ಇದ್ದೆ ಕಣಮ್ಮ. ಕಳೆ ಕೀಳೋವಾಗ ಕಾಲ್ಬುಡ ಕಾಣ್ಸೋದು, ಅಷ್ಟೇಯ. ಪೂರ್ತಿ ಹೆಂಗೈತೆ ಅಂತ ಒಂದಿನಾನೂ ನೋಡ್ಲಿಲ್ಲ. ಈ ಹುಡುಗ್ರು ಅದೇನೋ ಮೇಲಕ್ಕೆ ಬಿಡ್ತಾರಲ್ಲ, ಅದ್ರಾಗಿಂದ ಒಂದು ಫೋಟ ತೆಗೆಯಾಕಾಗ್ತದಾ?"

ನಾನು ತಾರಸಿಗೆ ಹೋಗಿ ಹೇಳಿದೆ. ಸ್ವರೂಪ್ ಕೈಲಿದ್ದುದನ್ನು ಕೆಳಗಿಟ್ಟ. ತಾಯಿ ತನ್ನನ್ನು ಕೇಳದೆ ನನ್ನನ್ನು ಕೇಳಿದ್ದು ಅವನಿಗೆ ನಾಟಿತ್ತು. "ತೆಗೆಯೋಣ ಗುರು. ಏನಾದ್ರೂ ಸರಿ, ಇದೊಂದು ಆಗ್ಲೇಬೇಕು" ಎಂದ. ಲೇಔಟಿನವರ ಜೆಸಿಬಿ ಬರುವುದು ಯಾವ ಸೋಮವಾರ ಎಂದು ಆಗಲೇ ನಿಶ್ಚಯವಾಗಿತ್ತು. ಅದರ ಹಿಂದಿನ ಭಾನುವಾರವನ್ನು ಇವರು ಗೊತ್ತುಮಾಡಿಕೊಂಡರು. ಹಳ್ಳಿಯವರಿಗೂ ಪೊಲೀಸ್ ಠಾಣೆಗೂ ಸ್ವರೂಪನೇ ಹೋಗಿ ಹೇಳಿ ಬಂದ.

ಒಂದು ಚಿಕ್ಕ ಆಟೋಮ್ಯಾಟಿಕ್ ಕ್ಯಾಮೆರಾ ತಂದರು. ರಾಕೆಟ್ ತುದಿ ಮುಟ್ಟಿ ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೆ, ನಿಧಾನ ಇಳಿಯುವಾಗ ತಾನೇ ಒಂದಾದ ಮೇಲೊಂದು ಫೋಟೋ ತೆಗೆಯುವಂತೆ ರಾಘವ ಅದಕ್ಕೆ ಏನೇನೋ ಜೋಡಿಸಿದ. ರೋಲ್ ಪೂರ್ತಿ ಆಕಾಶಕ್ಕೇ ಮೀಸಲು. ಹೊಸ ಕ್ಯಾಮೆರಾ ಅಲ್ಲವೇ, ನಮ್ಮಪ್ಪನದು ಒಂದು ಫೋಟೋ ಹೊಡೆಯೋ ಎಂದರೆ, "ಒಂದು ಫ್ರೇಮೂ ದಂಡ ಮಾಡೋ ಹಾಗಿಲ್ಲಕ್ಕ" ಎಂದುಬಿಟ್ಟ.

ಪರೀಕ್ಷೆ ನಮ್ಮ ತಾರಸಿಯಲ್ಲಿ ನಡೆಯಿತು. ಬೋರ್ಡ್ ಸ್ವರೂಪ್ ಮಾಡಿದ್ದು, ತಂತಿ ರಾಘವ ಮಾಡಿದ್ದು. ಸ್ವಿಚ್ ಒತ್ತಿದ ಕೂಡಲೇ ತಂತಿ ಕೆಂಪಗಾಯಿತು, ಮದ್ದು ಬುಸ್ಸೆಂದಿತು, ಇಬ್ಬರೂ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಬೋರ್ಡಿನಿಂದಲೂ ಹೊಗೆ. ಕರಗಿದ ತಂತಿಯ ತುದಿಗಳು ಒಂದಕ್ಕೊಂದು ಅಂಟಿಕೊಂಡು, ಬ್ಯಾಟರಿ ತನ್ನ ಶಕ್ತಿಯನ್ನೆಲ್ಲ ಒಂದೇ ಸಲ ಸುರಿದು, ಕರೆಂಟ್ ಬಿಡುವ ಪುಟ್ಟ ಟ್ರಾನ್ಸಿಸ್ಟರು ಸುಟ್ಟು ಸೀಳಿಹೋಗಿತ್ತು.

ವಾಸನೆಗೆ ನಮ್ಮಪ್ಪ ರಾಮಸ್ವಾಮಿ ಮೇಲೆ ಬಂದರು. ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಸುಟ್ಟ ವಾಸನೆ ಮೂಗಿಗೆ ಬಿದ್ದರೆ ಹೊದ್ದು ಮಲಗಿದ್ದವರೂ ಎದ್ದು ಬರುತ್ತಾರೆ. ಬೋರ್ಡನ್ನು ಕನ್ನಡಕದ ಹತ್ತಿರ ಹಿಡಿದು, "ಬ್ಯಾಟರಿ ಎಷ್ಟು ಕೊಡುತ್ತೋ ಅಷ್ಟನ್ನೂ ಬಿಡೋದೇನ್ರೋ? ಮಧ್ಯೆ ಒಂದು ಲಿಮಿಟ್ ಬೇಡವಾ?" ಎಂದರು.

ಸ್ವರೂಪನ ಮುಖ ಸಪ್ಪಗಾಯಿತು. "ನನ್ನ ಬೆಸುಗೇನೇ ಸರಿಯಾಗಿರ್ಲಿಲ್ಲ ಅನ್ಸುತ್ತೆ ಅಂಕಲ್."

"ಛೆ ಛೆ, ನಿನ್ನ ಬೆಸುಗೆಗೇನಾಗಿದೆ ಮಗಾ, ಮುತ್ತು ಪೋಣಿಸಿದ ಹಾಗಿದೆ" ಎಂದ ರಾಘವ. ನಿಜವೇ. ತಪ್ಪು ಬೆಸುಗೆಯದಾಗಿರಲಿಲ್ಲ. ಆದರೆ ಎಲ್ಲಿ ತಪ್ಪು ಎಂದು ಕೂತು ಮಾತಾಡಬೇಕಾದ ಹೊತ್ತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತ ಕೂತರು. ಸ್ವರೂಪ್ ಹೊಸ ಬೋರ್ಡ್ ಮಾಡುತ್ತೇನೆಂದು ಹೋದವನು ವಾರವಿಡೀ ಕೂತು ಮಾಡಿ ತಂದುಕೊಟ್ಟ. ನಿದ್ದೆಗೆಟ್ಟ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು.

ಅವನು ಹೊರಟುಹೋದ ಮೇಲೆ ರಾಘವ ಆ ಬೋರ್ಡಿನಿಂದ ತಂತಿಗೆ ಕರೆಂಟ್ ಹೋಗುವ ದಾರಿಯಲ್ಲಿ, ಸೀಮೆಸುಣ್ಣದ ತುಂಡಿನಂಥ ಒಂದು ಬಿಳಿ ರೆಸಿಸ್ಟರ್ ಕೂರಿಸಿ ಮೇಲೆ ಟೇಪ್ ಸುತ್ತಿದ. ನಾನು ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದೆ.

"ಅದೇನೋ?"

"ಲಿಮಿಟ್ ಅಕ್ಕ. ಅಪ್ಪ ಹೇಳಿದ್ರಲ್ಲ. ತಂತಿ ಕೆಂಪಗಾಗೋಕೆ ಒಂದು ಆಂಪಿಯರ್ ಸಾಕು. ಇದು ಒಂದೂಕಾಲು ಬಿಡುತ್ತೆ, ಅದಕ್ಕಿಂತ ಜಾಸ್ತಿ ಬಿಡಲ್ಲ. ಪ್ಯಾರಾಚೂಟೂ ಬಿಚ್ಚುತ್ತೆ, ಬೋರ್ಡೂ ಉಳಿಯುತ್ತೆ. ಈಗ್ತಾನೇ ಒಂದು ತಂತಿ ಹಚ್ಚಿ ನೋಡ್ದೆ."

"ಸ್ವರೂಪ್‌ಗೆ ಹೇಳಿದ್ಯಾ?"

"ಹೇಳಿದ್ರೆ ಅವ್ನ ಕೆಲ್ಸದ ಮೇಲೆ ನಂಗೆ ನಂಬಿಕೆ ಇಲ್ಲ ಅಂದ್ಕೋತಾನೆ. ಮೊದ್ಲೇ ಜಮೀನಿನ ವಿಷ್ಯದಲ್ಲಿ ಒಳಗೊಳಗೇ ಬೇಯ್ತಿದಾನೆ. ಆಮೇಲೆ ಹೇಳ್ತೀನಿ ಬಿಡು."

"ಆಮೇಲೆ ಅಂದ್ರೆ ಯಾವಾಗೋ?"

"ಫೋಟೋ ಬಂದ್ಮೇಲೆ. ಆಗ ಬೇಜಾರಾಗಲ್ಲ."

ಹೇಳೋ ಮಹರಾಯ, ಅವನೇನು ಕರಗಿಹೋಗಲ್ಲ ಎಂದು ನಾನು ಬೈದೆ. ಅವನು ನಕ್ಕ.

ಆ ಭಾನುವಾರ ಸ್ವರೂಪನ ಜೀಪಿನಲ್ಲಿ ಹೋದೆವು. ವಿಶಾಲಮ್ಮ ಮುಂದಿನ ಸೀಟಿನಲ್ಲಿ ಮದುವೆಯ ರೇಷ್ಮೆಸೀರೆ ಉಟ್ಟು ಕೂತಿದ್ದರು. ಫೋಟೋದಲ್ಲಿ ತಾನು ಬೀಳುವುದಿಲ್ಲವೆಂದು ಆಕೆಗೆ ಗೊತ್ತು. ಬಿದ್ದರೂ ಚುಕ್ಕಿಯಷ್ಟು. ಆದರೂ ಉಟ್ಟಿದ್ದರು. ನಮಗೆಂದು ಚಿತ್ರಾನ್ನ ಮಾಡಿ ತಂದಿದ್ದರು. "ಈರುಳ್ಳಿ ಹಾಕಿಲ್ಲ ಕಣಮ್ಮ, ಪಾತ್ರೇನೂ ಬ್ಯಾರೇದೇಯ" ಎಂದು ಹತ್ತುವಾಗಲೇ ಹೇಳಿದರು. ನಾವೀಗ ಅದೆಲ್ಲ ನೋಡುವುದಿಲ್ಲ ಎಂದು ಹೇಳಬೇಕೆನಿಸಿತು. ಅಷ್ಟು ಕಷ್ಟಪಟ್ಟು ಮಾಡಿರುವಾಗ ಹಾಗೆನ್ನುವುದು ಹೇಗೆ ಎಂದು ಸುಮ್ಮನಾದೆ. ಬಾಯಿ ಜೋರಿನವಳ ಕಥೆಯೇ ಹೀಗಾದರೆ ಉಳಿದವರದ್ದು ಕೇಳಬೇಕೆ.

ಇಳಿದ ಕೂಡಲೇ ಅವರು ನನ್ನ ಕೈ ಹಿಡಿದರು. "ಬನ್ರಮ್ಮ, ಒಂದು ಸುತ್ತು ಹಾಕ್ಕೊಂಡು ಬರಾನ."

"ರಾಕೆಟ್ ಹೋಗ್ಬಿಡ್ಲಿ ಇರಿ. ಆಮೇಲೆ ಆರಾಮಾಗಿ ನೋಡೋಣ" ಎಂದೆ.

ಆಕಾಶ ಹೇಳಿ ಮಾಡಿಸಿದಂತಿತ್ತು. ಒಂದು ತುಂಡು ಮೋಡವಿಲ್ಲ, ಗಾಳಿ ಸದ್ದಿಲ್ಲ. ಗಿಡುಗವೊಂದು ತೀರ ಮೇಲೆ ಸುತ್ತುತ್ತಿತ್ತು. ಅದು ದೂರ ಹೋಗುವತನಕ ಕಾಯೋಣ ಎಂದ ರಾಘವ. ಅವನ ಸ್ವಭಾವ ನಿಮಗೆ ಗೊತ್ತಾಯಿತಲ್ಲ. ಅವನು ಉಡಾವಣೆಯ ಕಂಬಿ ನೆಟ್ಟಗೆ ನಿಲ್ಲಿಸುತ್ತಿದ್ದಾಗ ಸ್ವರೂಪ್ ಜೀಪಿನ ಹಿಂದೆ ಕೊಳವೆಯೊಳಗೆ ಪ್ಯಾರಾಚೂಟಿನ ಮದ್ದು ತುಂಬಿ ಮುಚ್ಚುತ್ತಿದ್ದ. ವಿಶಾಲಮ್ಮ ಕೊಳವೆಗೆ ಕುಂಕುಮ ಹಚ್ಚಿದರು. ಎಲ್ಲರೂ ದೂರ ಹೋಗಿ ನಿಂತೆವು.

ಹೋಯಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ, ಇಷ್ಟು ವರ್ಷ ಇವರಿಬ್ಬರನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಬಿಳಿ ಹೊಗೆಯ ಗೆರೆ ನೇರ ಮೇಲಕ್ಕೆ ಎದ್ದು, ತೆಳ್ಳಗಾಗಿ, ತುದಿಯಲ್ಲಿ ಕೊಳವೆ ಒಂದು ಕಡ್ಡಿಯಷ್ಟಾಗಿ ನಿಂತು, ಮೆಲ್ಲಗೆ ಮಗ್ಗುಲಾಯಿತು.

"ಈಗ" ಎಂದ ರಾಘವ.

ಏನೂ ಆಗಲಿಲ್ಲ. ಮೂತಿ ಕೆಳಗಾಯಿತು.

"ಈಗ" ಎಂದ ಮತ್ತೆ, ಸಣ್ಣ ದನಿಯಲ್ಲಿ. ಕೊಳವೆ ನೆಟ್ಟಗೆ ಇಳಿಯತೊಡಗಿತು, ಇಳಿಯುತ್ತ ಇಳಿಯುತ್ತ ಶಿಳ್ಳೆ ಹಾಕಿತು, ದೂರದ ಉತ್ತ ಮಣ್ಣಿನಲ್ಲಿ ಧೊಪ್ಪೆಂದು ಹೂತುಕೊಂಡಿತು.

ಇಬ್ಬರೂ ಓಡಿದರು. ನಾನು ಹೋಗುವಷ್ಟರಲ್ಲಿ ಅಗೆದು ತೆಗೆದಿದ್ದರು. ಕ್ಯಾಮೆರಾ ಚೂರುಚೂರಾಗಿತ್ತು, ಫಿಲ್ಮ್ ಬಿಸಿಲಲ್ಲಿ ನಾಲಗೆಯಂತೆ ಹೊರಚಾಚಿತ್ತು. ಹೇಗೂ ಒಂದು ಫೋಟೋವೂ ತೆಗೆದಿರಲಿಲ್ಲ. ಪ್ಯಾರಾಚೂಟನ್ನು ತಳ್ಳಬೇಕಿದ್ದ ಮದ್ದು ಹಾಗೇ ಇತ್ತು. ರಾಘವ ಮದ್ದಿನ ಬಟ್ಟಲನ್ನು ತಿರುಗಿಸಿ ನೋಡಿದವನು ಹಾಗೇ ನಿಂತ.

"ಇಲ್ಲಿ ಎರಡು ತಂತಿ ಇದೆ" ಎಂದ.

"ನಾನೇ ಹಾಕ್ದೆ" ಎಂದ ಸ್ವರೂಪ್. "ಬೆಳಗ್ಗೆ ಅಮ್ಮನ್ನ ಆ ಸೀರೇಲಿ ನೋಡಿ ಭಯ ಆಗೋಯ್ತು ಗುರು. ಒಂದು ಕೈಕೊಟ್ರೆ ಇನ್ನೊಂದಿರ್ಲಿ ಅಂತ ಪಕ್ಕದಲ್ಲೇ ಜೋಡಿಸ್ದೆ. ಬ್ಯಾಟರೀಲಿ ಬೇಕಾದಷ್ಟು ತಾಕತ್ತಿತ್ತಲ್ಲ. ನೀನು ಮಾಡಿದ್ ತಂತಿ ಮೇಲೆ ಅನುಮಾನ ಅಂತ ಅಲ್ಲ ಕಣೋ."

ರಾಘವ ಬೋರ್ಡಿನ ಟೇಪ್ ಬಿಚ್ಚಿ ಬಿಳಿ ತುಂಡನ್ನು ತೋರಿಸಿದ. ಸ್ವರೂಪ್ ಅದನ್ನು ನೋಡಿದ, ಎರಡು ತಂತಿಗಳನ್ನು ನೋಡಿದ, ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ.

ಕರೆಂಟಿನ ಲೆಕ್ಕ ನನಗೆ ಅರ್ಥವಾದದ್ದು ಆ ಸಂಜೆ ಮನೆಯಲ್ಲಿ, ಅಪ್ಪನಿಗೆ ರಾಘವ ಹೇಳುವಾಗ. "ಒಂದಕ್ಕೆ ಸಾಲೋ ಅಷ್ಟೇ ಬಿಟ್ಟಿದ್ದೆ. ಎರಡಿದ್ವು, ಹಂಚ್ಕೊಂಡ್ವು. ಎರಡಕ್ಕೂ ಅರ್ಧರ್ಧ ಬಂತು. ಒಂದೂ ಕೆಂಪಗಾಗ್ಲಿಲ್ಲ." ತಾನು ಲಿಮಿಟ್ ಹಾಕದೇ ಇದ್ದಿದ್ದರೆ ಎರಡೂ ಹೊತ್ತಿಕೊಳ್ಳುತ್ತಿದ್ದವು, ಸ್ವರೂಪ್ ಎರಡನೆಯದು ಹಾಕದೇ ಇದ್ದಿದ್ದರೆ ಒಂದು ಹೊತ್ತಿಕೊಳ್ಳುತ್ತಿತ್ತು ಎಂದ. ಒಬ್ಬರಿಗೊಬ್ಬರು ಒಂದು ಮಾತು ಹೇಳಿದ್ದರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು. ಲಿಮಿಟ್ ಹಾಕು ಎಂದವರು ತಾವೇ ಎಂಬ ಸಂಕಟ ಅವರಿಗೆ.

ಆದರೆ ಅದು ಸಂಜೆಯ ಮಾತು. ಹೊಲದಲ್ಲಿ ವಿಶಾಲಮ್ಮ ನಿಧಾನವಾಗಿ ನಡೆದು ಬಂದರು. ಮುರಿದ ಕೊಳವೆಯನ್ನು, ಮಗನನ್ನು, ನನ್ನ ತಮ್ಮನನ್ನು ನೋಡಿದರು.

"ಯಾರ್ಗೂ ಪೆಟ್ಟಾಗಿಲ್ವಲ್ಲ, ಅಷ್ಟು ಸಾಕು. ಕೈ ತೊಳ್ಕಳ್ರಪ್ಪ, ಊಟ ಮಾಡಾನ."

"ಅಮ್ಮ, ಫೋಟೋ..." ಎಂದ ಸ್ವರೂಪ್.

"ಫೋಟ ಇಲ್ದಿದ್ರೆ ಏನಾಯ್ತು, ನಂಗೇನು ಹೊಲ ಮರ್ತೋಗ್ತದಾ?" ಎಂದು ನಕ್ಕರು. ರೇಷ್ಮೆಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗೂ ಬಡಿಸಿದರು. ತಲೆ ತಗ್ಗಿಸಿ ತಿಂದೆವು. ಆಕೆಯ ಮುಖ ನೋಡುವ ಧೈರ್ಯವಿಲ್ಲದೆ ಬೇಗ ಬೇಗ ಜೀಪು ಹತ್ತಿದೆವು. ಮಾರನೆಯ ದಿನ ಜೆಸಿಬಿಗಳು ಬಂದವು.

ಅವತ್ತು ಇಬ್ಬರೂ ಕೊರಳುಪಟ್ಟಿ ಹಿಡಿದು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆಡಲಿಲ್ಲ. "ತಪ್ಪು ನಂದೇ ಬಿಡು" ಎಂದು ಇವನು, "ಇಲ್ಲ ಗುರು, ನಂದೇ" ಎಂದು ಅವನು. ಹೋಟೆಲಿನಲ್ಲಿ ಬಿಲ್ಲಿಗೆ ಕೈ ಹಾಕುವವರ ಹಾಗೆ ಒಬ್ಬರ ಪಾಲಿನ ತಪ್ಪನ್ನು ಇನ್ನೊಬ್ಬರು ಎಳೆದುಕೊಂಡರು. ಸ್ವರೂಪ್ ಮುಂದಿನ ಭಾನುವಾರ ಬಂದ, ಅದರ ಮುಂದಿನ ಭಾನುವಾರ ಯಾವುದೋ ಸೈಟು ತೋರಿಸುವುದಿದೆ ಎಂದು ಫೋನ್ ಮಾಡಿದ. ಆಮೇಲೆ ಫೋನೂ ಕಡಿಮೆಯಾಯಿತು. ಮದುವೆಮನೆಗಳಲ್ಲಿ ಸಿಕ್ಕರೆ ಇಬ್ಬರೂ ಹಲ್ಲು ಬಿಟ್ಟು ಆರೋಗ್ಯ ವಿಚಾರಿಸುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು, ಮನೆಗೆ ಬಂದ ಮೇಲೆ ಅಳು ಬರುತ್ತಿತ್ತು. ಹಳೆಯ ಸ್ನೇಹ ಹೀಗೆ ಮರ್ಯಾದೆಯಿಂದ ಸಾಯುವುದನ್ನು ನೋಡಲಾಗುವುದಿಲ್ಲ. ಬೆಸುಗೆ ಕಡ್ಡಿ, ತಂತಿಯ ಉರುಳೆ ಎಲ್ಲವನ್ನೂ ರಾಘವ ಕಾರ್ಖಾನೆಯ ಯಾರಿಗೋ ಕೊಟ್ಟುಬಿಟ್ಟ.

ಕೆಲವು ವರ್ಷಗಳ ಮೇಲೆ, ಒಂದು ಸಂಕ್ರಾಂತಿಯ ದಿನ, ಎಳ್ಳುಬೆಲ್ಲ ತೆಗೆದುಕೊಂಡು ನಾನು ಮತ್ತಿಕೆರೆಯ ಸ್ವರೂಪನ ಮನೆಗೆ ಹೋದೆ. ರಾಘವನನ್ನು ಕರೆದೆ, ಕೆಲಸವಿದೆ ಎಂದ. ವಿಶಾಲಮ್ಮ ನಡುಮನೆಯ ನೆಲದ ಮೇಲೆ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ಎದುರಿಗೆ ಮೊಮ್ಮಗಳು ಯಶಶ್ರೀ ದೊಡ್ಡ ಹಾಳೆ ಹರಡಿಕೊಂಡಿದ್ದಳು. ಅಜ್ಜಿಯ ಹೊಲದ ಚಿತ್ರ ಬರೆದುಕೊಂಡು ಬಾ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಹಾಳೆಯಲ್ಲಿ ಆಗಲೇ ಒಂದು ಬಾವಿ ಇತ್ತು, ಒಂದು ಮರ ಇತ್ತು.

"ಹುಣಸೇಮರ ಬಾವಿಯಿಂದ ಆಕಡೀಕೋ ಈಕಡೀಕೋ ಅಂತ ನೆಪ್ಪಾಗ್ತಾ ಇಲ್ಲ ಕಣಮ್ಮ" ಎಂದರು ನನ್ನನ್ನು ಕಂಡು, ಬನ್ನಿ ಎನ್ನುವುದಕ್ಕೂ ಮೊದಲು. "ಬಾವಿ ನೆಪ್ಪೈತೆ, ಮೆಟ್ಲು ನೆಪ್ಪೈತೆ. ಮರದ ಕೆಳಗೆ ಕೂತು ಬುತ್ತಿ ಉಂಡಿದ್ದು ನೆಪ್ಪೈತೆ. ಯಾವುದರ ಪಕ್ಕ ಯಾವುದು ಅನ್ನೋದೇ ಹೋಗ್ಬಿಟ್ಟೈತೆ. ಹೋದ್ವರ್ಸ ಹೋಗಿದ್ದೆ, ಬರೀ ರೋಡು, ರೋಡು."

ಸ್ವರೂಪ್ ಸೋಫಾದ ಅಂಚಿನಲ್ಲಿ ಕೂತಿದ್ದ. "ಎಡಗಡೆ ಅಮ್ಮ. ಹೇಳಿದ್ನಲ್ಲ" ಎಂದ.

"ಹಂಗಾರೆ ಹೊತ್ತಾರೆ ನೆಳ್ಳು ಬಾವಿ ಮೇಲೆ ಬೀಳ್ತಿತ್ತಾ?"

ಅವನು ಒಂದು ಕ್ಷಣ ತಡೆದು, "ಹೂಂ" ಎಂದ.

ವಿಶಾಲಮ್ಮ ಮಗನನ್ನು ನೋಡಿದರು. ಬೇಸರವಿಲ್ಲದೆ, "ನಿಂಗೂ ಗೊತ್ತಿಲ್ಲ ಬಿಡು" ಎಂದು ನನ್ನ ಕಡೆ ತಿರುಗಿದರು. "ನೀವು ಬಂದಿದ್ರಲ್ಲಮ್ಮ ಅವತ್ತು. ಓದಿದೋರು ನೀವು. ಯಾವ ಕಡೀಕಿತ್ತು?"

ಸ್ವರೂಪ್ ನನ್ನನ್ನು ನೋಡಿದ. ಎಡಗಡೆ ಎಂದುಬಿಡಿ ಅಕ್ಕ ಎಂದು ಬೇಡುತ್ತಿದ್ದ ಆ ನೋಟ ನನಗೆ ಅರ್ಥವಾಗದೇ ಇರಲಿಲ್ಲ. ಎಂದುಬಿಟ್ಟರೆ ಮುಗಿಯುತ್ತಿತ್ತು. ಮಗು ಬಣ್ಣ ತುಂಬುತ್ತಿತ್ತು, ಮುದುಕಿಗೆ ನೆಮ್ಮದಿಯಾಗುತ್ತಿತ್ತು. ನಾನು ಕಣ್ಣು ಮುಚ್ಚಿ ಆ ದಿನವನ್ನು ನೆನೆದೆ. ಹೊಗೆಯ ಗೆರೆ ಬಂತು, ಗಿಡುಗ ಬಂತು, ಮೋಡವಿಲ್ಲದ ಆಕಾಶ ಬಂತು. ಹುಣಸೆಮರ ಇತ್ತೆಂಬುದೇ ನೆನಪಿಗೆ ಬರಲಿಲ್ಲ.

"ನಾನು ನೋಡ್ಲಿಲ್ಲಮ್ಮ" ಎಂದೆ. "ಅಷ್ಟು ದೂರ ಬಂದು ನಿಮ್ಮ ಹೊಲ ನಾವ್ಯಾರೂ ನೋಡ್ಲೇ ಇಲ್ಲ. ಬರೀ ಮೇಲೇ ನೋಡ್ತಾ ಇದ್ವಿ."

ಆಕೆ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಾನೂವೇ ಕಣಮ್ಮ" ಎಂದರು. "ಅವತ್ತು ನಾನೂ ಮೇಲ್ಕೇ ನೋಡ್ತಾ ನಿಂತಿದ್ದೆ."

ಆಮೇಲೆ ಮೊಮ್ಮಗಳ ಕೈಯಿಂದ ರಬ್ಬರ್ ಇಸಿದುಕೊಂಡು ಬಾವಿಯ ಪಕ್ಕದ ಮರವನ್ನು ಅಳಿಸಿದರು.